ಅರಮನೆಗೆ ಕಚೇರಿ ಬಂದ ಮೇಲೆ

ಕೈಲಾಂಚ ಹೋಬಳಿಯ ರೈತ ಪಹಣಿ ತಿದ್ದುಪಡಿಗೋ ವೃದ್ಧಾಪ್ಯ ವೇತನದ ಅರ್ಜಿಗೋ ಮೊದಲು ನಾಡಕಚೇರಿಗೆ ಹೋಗುತ್ತಾನೆ. ಅಲ್ಲಿ ಬಗೆಹರಿಯದಿದ್ದರೆ ರಾಮನಗರದ ತಾಲ್ಲೂಕು ಕಚೇರಿ, ಅಲ್ಲೂ ಆಗದಿದ್ದರೆ ಜಿಲ್ಲಾಧಿಕಾರಿಗಳ ಕಚೇರಿ. 2007ರಲ್ಲಿ ರಾಮನಗರ ಜಿಲ್ಲೆಯಾದ ಮೇಲೆ ಎದ್ದ ಕಟ್ಟಡಗಳನ್ನು ನಮ್ಮಲ್ಲಿ ಬಹಳ ಜನ ಪಾಯ ತೋಡಿದ ದಿನದಿಂದ ನೋಡಿದ್ದೇವೆ. ಅವುಗಳಿಗೆ ಹಿಂದಿನ ಕಥೆ ಎಂಬುದಿಲ್ಲ. ಕೊಡಗಿನಲ್ಲಿ ಹಾಗಿರಲಿಲ್ಲ. ಅಲ್ಲಿನವರು ತಲೆಮಾರುಗಳ ಕಾಲ ಜಮೀನಿನ ಕಾಗದ ಹಿಡಿದು ಹೋಗುತ್ತಿದ್ದದ್ದು ಮಡಿಕೇರಿ ಕೋಟೆಯೊಳಗಿನ ಅರಮನೆಗೆ. ರಾಜ ಒಡ್ಡೋಲಗ ಕೊಟ್ಟ ಕಟ್ಟಡದಲ್ಲಿ ಗುಮಾಸ್ತರು ಕಡತ ಬಿಚ್ಚಿ ಕೂತಿರುತ್ತಿದ್ದರು.

ಹಳೆಯ ಕೋಟೆ, ಅರಮನೆಗಳು ಜನರ ಕೆಲಸದ ಕಟ್ಟಡಗಳಾದದ್ದು ನಮ್ಮ ನಾಡಿನಲ್ಲಿ ಹಲವು ಕಡೆ ನಡೆದಿದೆ. ಕೆಲವು ಕಡೆ ಅದರಿಂದ ಕಟ್ಟಡ ಉಳಿಯಿತು, ಕೆಲವು ಕಡೆ ಅದರಿಂದಲೇ ಹೋಯಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ನಮಗೆ ತಿಳಿದಿರಬೇಕು. ಏಕೆಂದರೆ ನಮ್ಮ ಜಿಲ್ಲೆಯಲ್ಲೂ ಒಂದು ಕೋಟೆ ತನ್ನ ಕೆಲಸಕ್ಕಾಗಿ ಕಾಯುತ್ತಿದೆ. ಅದು ಮಾಗಡಿಯದು.

ಮೊದಲು ಮಡಿಕೇರಿಯ ಕಥೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಅಲ್ಲಿಗೆ ತಂದು ಗುಡ್ಡದ ಮೇಲೆ ಮಣ್ಣಿನ ಕೋಟೆ ಕಟ್ಟಿಸಿದ. ಕೊಡಗು ಟಿಪ್ಪುವಿನ ಕೈಯಲ್ಲಿದ್ದಾಗ ಕೋಟೆ ಕಲ್ಲಿನದಾಯಿತು, ಊರಿಗೆ ಜಾಫರಾಬಾದ್ ಎಂಬ ಹೆಸರೂ ಬಿತ್ತು. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಪಡೆದ. ಕೋಟೆಯ ಅಂಗಳದಲ್ಲಿ ನಿಜದಾನೆಯಷ್ಟೇ ಎತ್ತರದ ಎರಡು ಗಾರೆ ಆನೆಗಳಿವೆಯಲ್ಲ, ಕೊಡಗಿನ ಜನ ಅವನ್ನು ಆ ರಾಜನ ಹೆಸರಿನಲ್ಲೇ ನೆನೆಯುತ್ತಾರೆ. ಈಗ ನಾವು ನೋಡುವ ಎರಡಂತಸ್ತಿನ ಅರಮನೆಯನ್ನು ಕಟ್ಟಿಸಿದವನು ಅವನ ತಮ್ಮ ಲಿಂಗರಾಜೇಂದ್ರ, 1812ರಿಂದ 1814ರ ನಡುವೆ. ನಡುವೆ ತೆರೆದ ಅಂಗಳ, ಸುತ್ತಲೂ ಮೊಗಸಾಲೆ, ಅಂಗಳದಲ್ಲೊಂದು ಕಲ್ಲಿನ ಆಮೆ.

ಆ ಅರಮನೆ ಅರಮನೆಯಾಗಿ ಬಾಳಿದ್ದು ಇಪ್ಪತ್ತೇ ವರ್ಷ. 1834ರಲ್ಲಿ ಕಂಪನಿಯ ಸೇನೆ ಕೊಡಗಿಗೆ ನುಗ್ಗಿ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿತು. ಅವನನ್ನು ಕಾಶಿಗೆ ಕಳಿಸಿದರು. ಮುಂದೆ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ, 1859ರಲ್ಲಿ ಅಲ್ಲೇ ತೀರಿಕೊಂಡ. ಇತ್ತ ಮಡಿಕೇರಿಯಲ್ಲಿ ಅವನ ಮನೆಗೆ ಬ್ರಿಟಿಷ್ ಅಧಿಕಾರಿಗಳ ಮೇಜು, ಕುರ್ಚಿ, ದಫ್ತರ ಬಂದವು. ಅರಮನೆಯಾಗಿ ಇಪ್ಪತ್ತು ವರ್ಷ, ಕಚೇರಿಯಾಗಿ ಒಂದೂವರೆ ಶತಮಾನಕ್ಕೂ ಹೆಚ್ಚು! ಹೀಗಿರುವಾಗ ಆ ಕಟ್ಟಡದ ಚರಿತ್ರೆಯನ್ನು ರಾಜರ ಹೆಸರುಗಳಿಗಷ್ಟೇ ನಿಲ್ಲಿಸಿದರೆ ಅದರ ಬಹುಪಾಲು ಬದುಕನ್ನು ಬಿಟ್ಟಂತೆ.

ಆ ಬದುಕಿನಲ್ಲಿ ನೋವೂ ಇದೆ. 1837ರಲ್ಲಿ ಸುಳ್ಯ ಸೀಮೆಯ ರೈತರು ಕಂಪನಿಯ ವಿರುದ್ಧ ಎದ್ದರು. ಧಾನ್ಯದ ಬದಲು ಹಣದಲ್ಲೇ ಕಂದಾಯ ಕಟ್ಟಬೇಕೆಂಬ ಹೊಸ ಕಟ್ಟಳೆ ಅವರ ಸಿಟ್ಟಿನ ದೊಡ್ಡ ಕಾರಣಗಳಲ್ಲಿ ಒಂದು. ಮಂಗಳೂರಿನವರೆಗೂ ನಡೆದ ಆ ದಂಗೆ ಅಡಗಿದ ಮೇಲೆ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಇದೇ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಕೋಟೆಯೊಳಗೆ ಜೈಲೂ ಇತ್ತು, ನ್ಯಾಯಾಲಯವೂ ಇತ್ತು. 1855ರಲ್ಲಿ ಅಲ್ಲಿದ್ದ ವೀರಭದ್ರನ ಗುಡಿಯನ್ನು ತೆಗೆಸಿ, 1859ರಲ್ಲಿ ಸೇಂಟ್ ಮಾರ್ಕ್ಸ್ ಚರ್ಚು ಕಟ್ಟಿದರು. ಸ್ವಾತಂತ್ರ್ಯದ ನಂತರ ಪ್ರಾರ್ಥನೆ ನಿಂತು, 1971ರಿಂದ ಆ ಚರ್ಚೇ ಸರ್ಕಾರಿ ವಸ್ತುಸಂಗ್ರಹಾಲಯ. ಊರೂರಿನಿಂದ ತಂದ ವೀರಗಲ್ಲು, ವಿಗ್ರಹ, ಆಯುಧಗಳನ್ನು ಬಣ್ಣದ ಗಾಜಿನ ಕಿಟಕಿಗಳ ಬೆಳಕಿನಲ್ಲಿ ನೋಡಬಹುದು. ಗುಡಿಯ ಜಾಗದಲ್ಲಿ ಚರ್ಚು, ಚರ್ಚಿನೊಳಗೆ ವೀರಗಲ್ಲು. ಒಂದೇ ನೆಲದ ಮೇಲೆ ನಾಡಿನ ಎಷ್ಟು ಪದರಗಳು!

1933ರಲ್ಲಿ ಬ್ರಿಟಿಷರು ಅರಮನೆಗೆ ಎರಡು ಹೊಸ ಭಾಗ ಸೇರಿಸಿದರು. ಒಂದು ಗಡಿಯಾರದ ಗೋಪುರ, ಇನ್ನೊಂದು ಕಮಿಷನರ ಕಾರು ಬಂದು ನಿಲ್ಲಲು ಪೋರ್ಟಿಕೋ. ಕಚೇರಿಗೆ ಬೇಕಾದದ್ದು ಇವೇ ಅಲ್ಲವೆ, ಗಂಟೆ ಮತ್ತು ಅಧಿಕಾರಿಯ ವಾಹನ. ಅರಮನೆಯ ಮುಂಬದಿಯನ್ನು ಅವು ಮುಚ್ಚಿದವು ಎಂದು ದೂರುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಯಾವ ಕಾಲ ಏನು ಸೇರಿಸಿತು ಎಂದು ಸ್ಪಷ್ಟವಾಗಿ ಕಾಣುವುದೂ ಚರಿತ್ರೆಯೇ. ಮುಂದೆ ಕೊಡಗು ಸ್ವಂತ ರಾಜ್ಯವಾಗಿದ್ದ ವರ್ಷಗಳಲ್ಲಿ, 1952ರಿಂದ 1956ರವರೆಗೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದ ಇಪ್ಪತ್ತನಾಲ್ಕು ಸದಸ್ಯರ ಶಾಸನಸಭೆಯೂ ಇದೇ ಕೋಟೆಯಲ್ಲಿ ಸೇರುತ್ತಿತ್ತು. ಗಲ್ಲುಕಂಬ ನೆಟ್ಟ ನೆಲದಲ್ಲಿ ಮತ ಹಾಕಿ ಕಳಿಸಿದ ಪ್ರತಿನಿಧಿಗಳು ಕೂತು ಮಾತಾಡಿದರು. 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿಗೆ ಸೇರಿತು, ಅರಮನೆ ಜಿಲ್ಲಾ ಕಚೇರಿಯಾಗಿ ಮುಂದುವರಿಯಿತು.

ಇಲ್ಲಿ ನಮ್ಮ ಸೀಮೆಯವರಿಗೆ ಹತ್ತಿರದ ಒಂದು ಸಂಗತಿ ಇದೆ. 1834ರ ನಂತರ ಮಡಿಕೇರಿ ಅರಮನೆಯಲ್ಲಿ ಕೂತ ಸೂಪರಿಂಟೆಂಡೆಂಟ್ ವರದಿ ಕಳಿಸುತ್ತಿದ್ದದ್ದು ಬೆಂಗಳೂರಿನಲ್ಲಿದ್ದ ಮೈಸೂರು ಮತ್ತು ಕೊಡಗಿನ ಕಮಿಷನರಿಗೆ, ಅಂದರೆ ಮಾರ್ಕ್ ಕಬ್ಬನ್‌ಗೆ. ಆ ಕಮಿಷನರ ಕಚೇರಿ ಇದ್ದದ್ದೂ ಇನ್ನೊಂದು ಅರಮನೆಯಲ್ಲಿ. ಬೆಂಗಳೂರು ಕೋಟೆಯಲ್ಲಿ ಹೈದರಾಲಿ 1781ರಲ್ಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ, ತೇಗದ ಕಂಬಗಳ ಬೇಸಿಗೆ ಅರಮನೆಯದು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಸಿದ ಬ್ರಿಟಿಷರು ರಾಜ್ಯದ ದಫ್ತರವನ್ನು ಮೈಸೂರಿನಿಂದ ಬೆಂಗಳೂರಿಗೆ ತಂದು ಅಲ್ಲಿ ಇಳಿಸಿದರು. ಮೂವತ್ತೇಳು ವರ್ಷ ಇಡೀ ಮೈಸೂರು ರಾಜ್ಯದ ಸಚಿವಾಲಯ ಅದೇ. ಆಗ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ನಮ್ಮ ರಾಮನಗರದ ಕಂದಾಯದ ಲೆಕ್ಕ, ಚನ್ನಪಟ್ಟಣದ ಲೆಕ್ಕ, ಮಾಗಡಿಯ ಲೆಕ್ಕ ಕಡೆಗೆ ಹೋಗಿ ಸೇರುತ್ತಿದ್ದದ್ದು ಆ ತೇಗದ ಕಂಬಗಳ ನಡುವಿಗೆ.

ಜಾಗ ಸಾಲದೆ ಹೋದಾಗ ಕಮಿಷನರ್ ಬೌರಿಂಗ್ ಕಾಲದಲ್ಲಿ ಅಠಾರಾ ಕಚೇರಿ ಎದ್ದಿತು. 1868ರಲ್ಲಿ ಹದಿನೆಂಟು ಇಲಾಖೆಗಳೂ ಅಲ್ಲಿಗೆ ಹೋದವು. ಸ್ವಾತಂತ್ರ್ಯ ಬಂದು ಅಠಾರಾ ಕಚೇರಿಯೂ ಸಾಲದಾದಾಗ ಅದರ ಎದುರು ವಿಧಾನಸೌಧವನ್ನು ಭವ್ಯವಾಗಿ ಎಬ್ಬಿಸಿದವರು ನಮ್ಮ ರಾಮನಗರ ಸೀಮೆಯ ಕೆಂಗಲ್ ಹನುಮಂತಯ್ಯನವರು. ಪರಕೀಯ ಶೈಲಿಯ ಕಟ್ಟಡದಲ್ಲಿ ಜನರ ಸರ್ಕಾರ ಕೂರುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಜನರ ಕೆಲಸ ನಡೆಯುವ ಜಾಗ ರಾಜರ ಅರಮನೆಗೆ ಯಾವುದರಲ್ಲೂ ಕಡಿಮೆ ಇರಬಾರದು ಎಂಬುದು ಆ ಕಲ್ಲಿನ ಪ್ರತಿ ಕಂಬದಲ್ಲೂ ಕಾಣುತ್ತದೆ. ಅಠಾರಾ ಕಚೇರಿ ಹೈಕೋರ್ಟಿಗೆ ಮನೆಯಾಗಿ ಉಳಿಯಿತು. ಎಂಬತ್ತರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ನ್ಯಾಯಾಲಯದವರೆಗೂ ಹೋಗಿ ಹೋರಾಡಿದ್ದರಿಂದ ಬದುಕಿತು.

ಆದರೆ ಬೆಂಗಳೂರಿನ ಕೋಟೆ ಏನಾಯಿತು? ಚಿಕ್ಕದೇವರಾಜ ಒಡೆಯರು ಕೆಂಪೇಗೌಡರ ಪೇಟೆಯ ದಕ್ಷಿಣಕ್ಕೆ ಮೊಟ್ಟೆಯಾಕಾರದಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನದಾಗಿಸಿದ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್‌ನ ಸೇನೆ ಅದನ್ನು ಒಡೆದು ಒಳಗೆ ಬಂತು. ಯುದ್ಧದ ಏಟಿನಿಂದ ಕೋಟೆ ಸಾಯಲಿಲ್ಲ, ಶಾಂತಿಯ ಕಾಲದಲ್ಲಿ ಸವೆಯಿತು. ಮದ್ದುಗುಂಡಿನ ಉಗ್ರಾಣವಾಗಿದ್ದ ಕೋಟೆ 1888ರಲ್ಲಿ ಸೇನೆಯ ಕೈಬಿಟ್ಟು ನಾಗರಿಕ ಆಡಳಿತಕ್ಕೆ ಬಂತು. ಆಮೇಲೆ ರಸ್ತೆಗೊಂದು ಭಾಗ, ಶಾಲೆಗೊಂದು ಭಾಗ, ಆಸ್ಪತ್ರೆಗೊಂದು ಭಾಗ ಎಂದು ಗೋಡೆಗಳನ್ನು ಕೆಡವುತ್ತ ಹೋದರು. 1897ರಲ್ಲಿ ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಅಡಿಗಲ್ಲು ಹಾಕಿದ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರ್ 8ರಂದು ವೈಸ್‌ರಾಯ್ ಕರ್ಜನ್ ಉದ್ಘಾಟಿಸಿದ. 1935ರಲ್ಲಿ ವಾಣಿವಿಲಾಸ ಆಸ್ಪತ್ರೆ ಬಂತು. ಕೋಟೆ ಹೈಸ್ಕೂಲು, ವೈದ್ಯಕೀಯ ಕಾಲೇಜು, ಬಸ್ ನಿಲ್ದಾಣ, ಮಾರುಕಟ್ಟೆ, ಎಲ್ಲವೂ ಅಕ್ಕಪಕ್ಕದಲ್ಲೇ. ಇಂದು ಉಳಿದಿರುವುದು ಡೆಲ್ಲಿ ಗೇಟು, ಅದರ ಎರಡು ಬುರುಜು, ಟಿಪ್ಪು ಅರಮನೆಯ ಒಂದು ಭಾಗ, ಪಕ್ಕದ ಕೋಟೆ ವೆಂಕಟರಮಣನ ಗುಡಿ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಮೆಟ್ರೋಗಾಗಿ ನೆಲ ಅಗೆದಾಗ ಹಳೆಯ ಫಿರಂಗಿಗಳು ಸಿಕ್ಕವು. ಆಗ ಎಷ್ಟೋ ಜನಕ್ಕೆ ಇಲ್ಲೊಂದು ಕೋಟೆ ಇತ್ತೆಂಬುದೇ ಹೊಸ ಸುದ್ದಿಯಾಗಿತ್ತು.

ಆಸ್ಪತ್ರೆಗಳನ್ನು ದೂರಲು ನನಗೆ ನಾಲಗೆ ಬರುವುದಿಲ್ಲ. ಕೈಲಾಂಚ, ಕನಕಪುರ, ಮಾಗಡಿ ಕಡೆಯ ಎಷ್ಟು ತಾಯಂದಿರು ವಾಣಿವಿಲಾಸದಲ್ಲಿ ಹೆತ್ತಿದ್ದಾರೆ, ಎಷ್ಟು ಹಿರಿಯರು ಪಕ್ಕದ ಮಿಂಟೋದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಾರೆ! ಕೋಟೆಯ ನೆಲ ಬಡವರ ಆಸ್ಪತ್ರೆಗೆ ಸಂದದ್ದು ಒಳ್ಳೆಯ ಕೆಲಸವೇ. ಆದರೆ ಆಸ್ಪತ್ರೆ ಬೇಕೆಂದಾಗ ಗೋಡೆಯನ್ನೂ ಉಳಿಸಿಕೊಂಡು ಕಟ್ಟಬಹುದಿತ್ತು. ಗೋಡೆಗೊಬ್ಬ ಹೊಣೆಗಾರ ಇರಲಿಲ್ಲ, ನೆಲ ಬೇಕೆನ್ನುವವರು ಮಾತ್ರ ಬಹಳ ಜನ ಇದ್ದರು. ಮಡಿಕೇರಿಯಲ್ಲಿ ಆಡಳಿತಕ್ಕೆ ಕಟ್ಟಡವೇ ಬೇಕಾಗಿತ್ತು, ಬೆಂಗಳೂರಿನಲ್ಲಿ ಕಟ್ಟಡದ ಕೆಳಗಿನ ನೆಲ ಬೇಕಾಗಿತ್ತು. ಎರಡೂ ಊರುಗಳ ಹಣೆಬರಹ ಬೇರೆಯಾದದ್ದು ಇಲ್ಲಿ.

ವಿಜಯಪುರದ್ದು ಮೂರನೆಯ ಬಗೆ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಅಲ್ಲಿಗೆ ಬಂದಾಗ ಹೊಸ ಕಟ್ಟಡಗಳ ಖರ್ಚು ಉಳಿಸಲು ಆದಿಲ್‌ಶಾಹಿ ಅರಮನೆಗಳನ್ನೇ ಬಳಸಿಕೊಂಡರು. ಚೀನಿ ಮಹಲ್, ಆನಂದ ಮಹಲ್‌ಗಳಲ್ಲಿ ಕಚೇರಿ, ವಸತಿ ಎಲ್ಲ ನಡೆದವು. ಹಳೆಯ ಮಸೀದಿಗಳಿಗೂ ಸರ್ಕಾರಿ ಬಳಕೆ ತಟ್ಟಿತು. ಇಂಥದ್ದನ್ನು ಬಹಿರಂಗವಾಗಿ ಖಂಡಿಸಿ ತೆರವು ಮಾಡಿಸಿದವನು ಅದೇ ಕರ್ಜನ್. ಅವನ ಕಾಲದಲ್ಲೇ 1904ರ ಪುರಾತನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬಂತು.

ಹಳೆಯ ಕೋಟೆಗೆ ಏನು ಕೆಲಸ ಕೊಡಬೇಕೆಂಬ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಚಾಚಿಕೊಂಡ ಬ್ರಿಟಾನಿ ಎಂಬ ಸೀಮೆ ಇದೆ. ಒಂದು ಕಾಲಕ್ಕೆ ಅದು ಸ್ವತಂತ್ರ ಡ್ಯೂಕರ ನಾಡು, ನಮ್ಮ ಪಾಳೆಯಗಾರರ ಸೀಮೆಯ ಹಾಗೆ ಬೆಟ್ಟಕ್ಕೊಂದು ದುರ್ಗ. ಅಲ್ಲಿನ ವಿತ್ರೆ ಎಂಬ ಊರಿನ ಕೋಟೆ ಹನ್ನೊಂದನೆಯ ಶತಮಾನದಷ್ಟು ಹಳೆಯದು. ಡ್ಯೂಕರ ಕಾಲ ಮುಗಿದ ಮೇಲೆ ಜೈಲಾಗಿ, ಸೈನಿಕರ ಬಿಡಾರವಾಗಿ ಹಾಳಾಗುತ್ತ ಬಂದಿದ್ದ ಅದನ್ನು 1820ರಲ್ಲಿ ಊರಿನ ಪುರಸಭೆಯೇ ಕೊಂಡುಕೊಂಡಿತು. 1872ರಲ್ಲಿ ಸರ್ಕಾರ ಸಂರಕ್ಷಿತ ಸ್ಮಾರಕವೆಂದು ಸಾರಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಮಧ್ಯಯುಗದ ಕಟ್ಟಡಗಳಿಗೆ ಒಪ್ಪುವ ರೀತಿಯಲ್ಲಿ ಕೋಟೆಯೊಳಗೆ ಪುರಭವನವನ್ನು ಕಟ್ಟಿದರು. ಇಂದಿಗೂ ಊರಿನವರು ಮದುವೆ ನೋಂದಣಿಗೆ ಕೋಟೆಯ ಬಾಗಿಲು ದಾಟಿ ಹೋಗುತ್ತಾರೆ, ಪ್ರವಾಸಿಗರು ಅದೇ ಬಾಗಿಲಿಂದ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಾರೆ. ಸಮುದ್ರದಂಚಿನ ಸೇಂಟ್ ಮಾಲೋ ಊರಿನ ಪುರಭವನವೂ ಡ್ಯೂಕರು ಹದಿನೈದನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಯಲ್ಲೇ ಇದೆ. 1944ರ ಯುದ್ಧದಲ್ಲಿ ಆ ಊರು ಬಹುಪಾಲು ಸುಟ್ಟು ಬೂದಿಯಾಯಿತು. ಕಲ್ಲಿಗೆ ಕಲ್ಲು ಜೋಡಿಸಿ ಹಳೆಯ ಚಹರೆಯಲ್ಲೇ ಊರನ್ನು ಮರಳಿ ಕಟ್ಟಿಕೊಂಡರು. ವಿತ್ರೆಯ ವಿಷಯದಲ್ಲಿ ನಾನು ಗಮನಿಸುವುದು ಒಂದೇ. ಕೋಟೆಯ ಒಡೆತನ ಊರಿನದು. ಪುರಸಭೆಯವರು ನಿತ್ಯ ಓಡಾಡುವ ಜಾಗ ಅದಾದ್ದರಿಂದ ಗೋಡೆ ಬಿರಿದದ್ದು, ಮಾಡು ಸೋರಿದ್ದು ಅವರ ಕಣ್ಣಿಗೇ ಬೀಳುತ್ತದೆ.

ಕಟ್ಟಡಗಳು ಹೇಗೆ ಸಾಯುತ್ತವೆ ಎಂದು ಒಂದು ಮಾತು ಹೇಳಬೇಕು. ಹಳೆಯ ಅರಮನೆಗಳು ಸುಣ್ಣದ ಗಾರೆ, ಇಟ್ಟಿಗೆ, ಮರ, ಹೆಂಚುಗಳಿಂದ ಆದವು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಒಂದು ಹೆಂಚು ಒಡೆದರೆ ಆ ಮಳೆಗಾಲದಲ್ಲೇ ರೀಪು ನೆನೆಯುತ್ತದೆ, ಮುಂದಿನ ಮಳೆಗಾಲಕ್ಕೆ ತೊಲೆ ಕೊಳೆಯುತ್ತದೆ, ಅದರ ಮುಂದಿನದಕ್ಕೆ ಗೋಡೆಯ ತಲೆಯೊಳಗೆ ನೀರು ಇಳಿಯುತ್ತದೆ. ಕೆಳಗೆ ಮೇಜು ಹಾಕಿಕೊಂಡು ಕೂತ ಗುಮಾಸ್ತನ ಕಡತದ ಮೇಲೆ ಹನಿ ಬಿದ್ದರೆ ಅವನು ಅಂದೇ ಕೂಗುತ್ತಾನೆ, ಲೋಕೋಪಯೋಗಿ ಇಲಾಖೆಯವರು ಏಣಿ ತರುತ್ತಾರೆ. ಅರಮನೆ ಖಾಲಿಯಾಗಿದ್ದರೆ ಹನಿಯ ಸದ್ದು ಕೇಳುವವರಿಲ್ಲ. ಕಚೇರಿ ಮಾಡಿದ ದೊಡ್ಡ ಉಪಕಾರ ಇದೇ.

ಕಚೇರಿಯಿಂದ ಕೆಡುಕೂ ಆಗುತ್ತದೆ. ಸುಣ್ಣದ ಗೋಡೆ ತನ್ನೊಳಗಿನ ತೇವವನ್ನು ಹೊರಗೆ ಬಿಡಬಲ್ಲದು. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ. ತುರ್ತು ದುರಸ್ತಿ ಎಂದರೆ ನಮ್ಮಲ್ಲಿ ಸಿಮೆಂಟೇ. ಮೊಗಸಾಲೆಗೆ ಅಡ್ಡಗೋಡೆ ಹಾಕಿ ನಾಲ್ಕು ಕೋಣೆ ಮಾಡುವುದು, ಕಂಬಕ್ಕೆ ಮೊಳೆ ಹೊಡೆದು ವಿದ್ಯುತ್ ತಂತಿ ಎಳೆಯುವುದು, ಮರದ ಅಟ್ಟದ ಮೇಲೆ ಕಬ್ಬಿಣದ ಬೀರುಗಳಲ್ಲಿ ಕಡತದ ರಾಶಿ ಪೇರಿಸುವುದು, ಇವೆಲ್ಲ ಸೇರಿ ಗಟ್ಟಿ ಕಟ್ಟಡವನ್ನೂ ಹಣ್ಣು ಮಾಡುತ್ತವೆ. ಮಡಿಕೇರಿ ಅರಮನೆ ಹೀಗೇ ಜೀರ್ಣವಾಯಿತು. ಕಡೆಗೆ ಅದರ ದುಃಸ್ಥಿತಿಯ ಬಗ್ಗೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂತು. ಜಿಲ್ಲಾಡಳಿತದ ಕಚೇರಿಗಳು ಒಂದೊಂದಾಗಿ ಹೊಸ ಕಟ್ಟಡಗಳಿಗೆ ಹೋದವು. ಪುರಾತತ್ವ ಸರ್ವೇಕ್ಷಣ ಇಲಾಖೆ ದುರಸ್ತಿಗೆ ಇಳಿಯಿತು.

ಕಚೇರಿಗಳು ಹೋದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಇಂದಿನ ಜಿಲ್ಲಾಡಳಿತದ ಭಾರವನ್ನು 1814ರ ಅರಮನೆ ಹೊರಲಾರದು. ಆದರೆ ಖಾಲಿ ಅರಮನೆಗೆ ಬೀಗ ಹಾಕಿ, ಟಿಕೆಟ್ ಕಿಟಕಿಯೊಂದನ್ನು ತೆರೆದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಕೋಟೆಯ ಅಂಗಳದಲ್ಲಿ ಮಹಾತ್ಮ ಗಾಂಧಿ ಹೆಸರಿನ ಸಾರ್ವಜನಿಕ ಗ್ರಂಥಾಲಯವಿದೆ. ಹಳೆಯ ಕಟ್ಟಡಕ್ಕೆ ಹೊಂದುವುದು ಇಂಥ ಹಗುರ ಬಳಕೆ. ಓದುವವರು ಬರುತ್ತಾರೆ, ಗೋಡೆಗೆ ನೋವಾಗುವುದಿಲ್ಲ, ಮಾಡು ಸೋರಿದರೆ ಹೇಳುವ ಬಾಯಿ ಇರುತ್ತದೆ.

ಇನ್ನು ಮಾಗಡಿ. 1638ರಲ್ಲಿ ವಿಜಯಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಹಿಡಿದಾಗ ಕೆಂಪೇಗೌಡರ ವಂಶದವರು ಮಾಗಡಿಗೆ ಬಂದು ನೆಲೆ ನಿಂತರು. ಮುಂದಿನ ತೊಂಬತ್ತು ವರ್ಷ ಮಾಗಡಿಯೇ ಅವರ ರಾಜಧಾನಿ, ಸಾವನದುರ್ಗವೇ ಬಲ. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಎರಡನ್ನೂ ಗೆದ್ದು, ವಂಶದ ಕಡೆಯ ದೊರೆಯನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಆ ನಂತರ ಮಾಗಡಿ ಕೋಟೆಗೆ ಮಡಿಕೇರಿಯ ಹಾಗೆ ಕಚೇರಿ ಬರಲಿಲ್ಲ, ಬೆಂಗಳೂರಿನ ಹಾಗೆ ಆಸ್ಪತ್ರೆಯೂ ಬರಲಿಲ್ಲ. ಒಳಗಿನ ಅರಮನೆ ಉಳಿಯಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರ ಹಣ ಹಾಕಿ ಗೋಡೆ, ಬುರುಜುಗಳನ್ನು ಕಲ್ಲಿನಲ್ಲಿ ಮರುಕಟ್ಟಿಸಿದೆ. ಒಳಗಿನ ಕೋಟೆ ಮೈದಾನ ಸಭೆ ಸಮಾರಂಭಗಳಿಗೆ ಬಳಕೆಯಾಗುತ್ತದೆ. ಚನ್ನಪಟ್ಟಣದಲ್ಲಿ ಜಗದೇವರಾಯನ ಕೋಟೆಗೆ ಇಷ್ಟೂ ಭಾಗ್ಯವಿಲ್ಲ, ಅದು ಮನೆಗಳ ನಡುವೆ ಕರಗಿದೆ.

ಗೋಡೆ ಎದ್ದು ನಿಂತಿರುವ ಈ ಹೊತ್ತಿನಲ್ಲೇ ಮಾಗಡಿ ಕೋಟೆಗೆ ಒಂದು ನಿತ್ಯದ ಕೆಲಸ ಕೊಡಬೇಕು. ವರ್ಷಕ್ಕೊಮ್ಮೆ ಜೂನ್ 27ರ ಕೆಂಪೇಗೌಡ ಜಯಂತಿಗೆ ದೀಪ ಹಾಕಿದರೆ ಸಾಲದು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕನಕಪುರ, ಕ್ಲೋಸ್‌ಪೇಟೆ ಸೀಮೆಯ ಶಾಸನಗಳು ಇವೆ. ಆ ಕಲ್ಲುಗಳಲ್ಲಿ ಎಷ್ಟು ಇಂದು ನೆಟ್ಟಗೆ ನಿಂತಿವೆ ಎಂದು ಊರೂರಿಗೆ ಹೋಗಿ ನೋಡುವ ಕೆಲಸ ಆಗಬೇಕು. ಗುಡಿಯ ಮೆಟ್ಟಿಲಾಗಿ, ಬಟ್ಟೆ ಒಗೆಯುವ ಕಲ್ಲಾಗಿ ಸವೆಯುತ್ತಿರುವ ದಿಕ್ಕಿಲ್ಲದ ವೀರಗಲ್ಲುಗಳಿಗೆ ಮಡಿಕೇರಿಯ ಚರ್ಚಿನಂಥ ಒಂದು ಸೂರು ಮಾಗಡಿ ಕೋಟೆಯೊಳಗೆ ಸಿಗಲಿ. ಪಕ್ಕದಲ್ಲೊಂದು ವಾಚನಾಲಯ ಇರಲಿ, ಜಿಲ್ಲೆಯ ಹಳೆಯ ಕಂದಾಯ ದಾಖಲೆಗಳನ್ನು ನೋಡಲು ಒಂದು ಕೋಣೆ ಇರಲಿ. ಕಟ್ಟಡ ಕೋಟೆಗೋಡೆಗಿಂತ ತಗ್ಗಾಗಿರಲಿ, ಸುಣ್ಣದ ಕೆಲಸ ಬಲ್ಲ ಗಾರೆಯವರನ್ನು ಹುಡುಕಿ ಕರೆಸಲಿ.

ಜಿಲ್ಲಾಡಳಿತ, ಮಾಗಡಿ ಪುರಸಭೆ, ಪುರಾತತ್ವ ಇಲಾಖೆ ಮೂವರೂ ಕೂತು ಇದನ್ನು ತೀರ್ಮಾನಿಸಬೇಕು. ದಿನನಿತ್ಯದ ನಿರ್ವಹಣೆಯ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದುಕೊಡಬೇಕು, ಆ ಹೊಣೆ ಊರಿನ ಪುರಸಭೆಯದಾದರೆ ಇನ್ನೂ ಒಳ್ಳೆಯದು. ಓದುಗರು ತಮ್ಮ ಪಾಲಿನದನ್ನು ಈ ವಾರವೇ ಮಾಡಬಹುದು. ನಿಮ್ಮ ಊರಿನ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಅಕ್ಷರವೋ ಚಿತ್ರವೋ ಇರುವ ಕಲ್ಲು ಇದ್ದರೆ ಅದರ ಫೋಟೊ ತೆಗೆದು, ಜಾಗದ ಗುರುತು ಬರೆದು, ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.